ಕಡತದೊಳಗಿನ ಅಸಲು ಉಯಿಲು: ಕಾಫಿ ಸೀಮೆಯ ದಾವೆ ಮತ್ತು ಪ್ರೊಬೇಟ್

ಮೂಡಿಗೆರೆಯ ಕಾಫಿ ತೋಟವೊಂದರ ಪಾಲಿನ ದಾವೆಯಲ್ಲಿ ಅಸಲು ಉಯಿಲು ಸಾಕ್ಷ್ಯವಾಗಿ ಗುರುತಾಗಿದೆ. ಅದೇ ಉಯಿಲಿನ ನಿರ್ವಾಹಕ ಈಗ ಪ್ರೊಬೇಟ್ ಕೋರಬೇಕಾಗಿದೆ. ಅಸಲು ಅವನಿಗೆ ದೊರೆಯುವ ಬಗೆ ಯಾವುದು? ದಾವೆ ಮುಗಿದಿದ್ದರೆ ಅಸಲನ್ನು ವಾಪಸು ಪಡೆಯಬಹುದು. ವಿವಾದ ಜೀವಂತವಿದ್ದರೆ ಅದನ್ನು ನ್ಯಾಯಾಲಯದ ಮೂಲಕವೇ ತರಿಸಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಈ ಸಮಸ್ಯೆಗೆ ಇತಿಹಾಸದ ಹಿನ್ನೆಲೆಯಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 57 ಮತ್ತು 213ನೇ ಕಲಮುಗಳು ಹಿಂದೂ ಉಯಿಲುಗಳಿಗೆ ಪ್ರೊಬೇಟನ್ನು ಕಡ್ಡಾಯ ಮಾಡಿದ್ದು ಹಳೆಯ ಬಂಗಾಳ ಪ್ರಾಂತ್ಯದಲ್ಲಿ ಮತ್ತು ಮದ್ರಾಸ್, ಬಾಂಬೆ ಹೈಕೋರ್ಟುಗಳ ಮೂಲ ಸಿವಿಲ್ ವ್ಯಾಪ್ತಿಯಲ್ಲಿ. ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ, ಅಂದರೆ ಇಂದಿನ ಚಿಕ್ಕಮಗಳೂರು, ಅದರಲ್ಲಿ ಸೇರಿರಲಿಲ್ಲ. ಆದ್ದರಿಂದ ಕಳಸದ ತೋಟದ ಉಯಿಲನ್ನು ನೇರವಾಗಿ ಪಹಣಿ ಬದಲಾವಣೆಗೆ ಹಾಜರುಪಡಿಸಬಹುದಿತ್ತು. ತಕರಾರು ಎದ್ದರೆ ಅದು ಸಿವಿಲ್ ದಾವೆಯ ಕಡತ ಸೇರುತ್ತಿತ್ತು. ಆದರೆ ಅದೇ ಉಯಿಲಿನಲ್ಲಿ ಚೆನ್ನೈ ಅಥವಾ ಮುಂಬಯಿ ನಗರದ ಮನೆಯೂ ಇದ್ದರೆ ಆ ಮನೆಯ ಮಟ್ಟಿಗೆ ಪ್ರೊಬೇಟಿನ ಪ್ರಶ್ನೆ ಬರುತ್ತಿತ್ತು. ಹೊರರಾಜ್ಯದ ಆಸ್ತಿಯ ಮೌಲ್ಯ 10,000 ರೂಪಾಯಿ ಮೀರಿದಾಗ 273ನೇ ಕಲಮಿನಂತೆ ಜಿಲ್ಲಾ ನ್ಯಾಯಾಲಯದ ಪ್ರೊಬೇಟ್ ಅಲ್ಲಿಗೆ ಸಾಲದು, ಹೈಕೋರ್ಟಿಗೇ ಹೋಗಬೇಕು.

276ನೇ ಕಲಮು ಅರ್ಜಿಯೊಂದಿಗೆ ಉಯಿಲನ್ನು ಲಗತ್ತಿಸಲು ಹೇಳುತ್ತದೆ. ನಕಲಿನ ಮೇಲೆ ಪ್ರೊಬೇಟ್ ನೀಡುವ 237ನೇ ಕಲಮು ಕಳೆದುಹೋದ ಅಥವಾ ನಾಶವಾದ ಉಯಿಲಿಗೆ ಸಂಬಂಧಿಸಿದ್ದು. ಕಡತದಲ್ಲಿ ಭದ್ರವಾಗಿರುವ ಉಯಿಲು ಕಳೆದುಹೋದದ್ದಲ್ಲ. ಮೈಸೂರಿನಿಂದ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ (ಎ.ಐ.ಆರ್. 1959 ಎಸ್.ಸಿ. 443) ಸುಪ್ರೀಂ ಕೋರ್ಟು, ಅನುಮಾನಾಸ್ಪದ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದೇ ಎಂದಿತು. ಸಹಿ, ಶಾಯಿ, ತಿದ್ದುಪಡಿಗಳ ಪರೀಕ್ಷೆಗೆ ನಕಲು ಸಾಕಾಗದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 9ನೇ ನಿಯಮದಂತೆ, ದಾವೆ ತೀರ್ಮಾನವಾಗಿ ಮೇಲ್ಮನವಿಯ ಅವಧಿ ಕಳೆದ ಮೇಲೆ ಅಥವಾ ಮೇಲ್ಮನವಿಯೂ ಇತ್ಯರ್ಥವಾದ ಮೇಲೆ ದಾಖಲೆಯನ್ನು ಹಿಂಪಡೆಯಬಹುದು. ಅದಕ್ಕೂ ಮೊದಲೇ ಬೇಕಾದರೆ ದೃಢೀಕೃತ ನಕಲನ್ನು ಕಡತಕ್ಕೆ ಕೊಟ್ಟು, ಕೇಳಿದಾಗ ಅಸಲನ್ನು ಹಾಜರುಪಡಿಸುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. 10ನೇ ನಿಯಮ ಇನ್ನೊಂದು ದಾರಿ ತೋರುತ್ತದೆ: ನ್ಯಾಯಕ್ಕಾಗಿ ಅಸಲೇ ಅಗತ್ಯವೆಂದು ಪ್ರಮಾಣಪತ್ರ ಸಲ್ಲಿಸಿದರೆ ಪ್ರೊಬೇಟ್ ನ್ಯಾಯಾಲಯವೇ ಕಡತವನ್ನು ತರಿಸಿಕೊಳ್ಳಬಲ್ಲದು. ಜಿಲ್ಲಾ ನ್ಯಾಯಾಧೀಶರ ಪ್ರೊಬೇಟ್ ವ್ಯವಹರಣೆಗೆ ಈ ಸಂಹಿತೆ ಅನ್ವಯಿಸುವುದು ಉತ್ತರಾಧಿಕಾರ ಕಾಯ್ದೆಯ 268ನೇ ಕಲಮಿನಿಂದ.

ಎದುರಾಳಿಗಳಿರುವಲ್ಲಿ ಎರಡನೆಯ ದಾರಿಯೇ ಮೇಲು. ಅಸಲು ಒಬ್ಬ ಪಕ್ಷಗಾರನ ಕೈಗೆ ಬಂದ ಕ್ಷಣದಿಂದ ಬದಲಾವಣೆಯ ಆರೋಪಕ್ಕೆ ಎಡೆಯಾಗುತ್ತದೆ. ಶಾಸನದ ಒಲವೂ ಈ ಕಡೆಗೇ ಇದೆ. 1908ರ ನೋಂದಣಿ ಕಾಯ್ದೆಯ 46ನೇ ಕಲಮಿನಂತೆ, ಠೇವಣಿ ಇಟ್ಟ ಉಯಿಲನ್ನು ನ್ಯಾಯಾಲಯ ತರಿಸಿದಾಗ ಜಿಲ್ಲಾ ನೋಂದಣಾಧಿಕಾರಿ ಅದರ ನಕಲನ್ನು 3ನೇ ಪುಸ್ತಕದಲ್ಲಿ ಇರಿಸಿ, ಅಸಲು ಹೋದದ್ದನ್ನು ನಮೂದಿಸಬೇಕು. ಪ್ರೊಬೇಟಾದ ಅಸಲನ್ನು ನ್ಯಾಯಾಲಯವೇ ಕಾಪಾಡಬೇಕೆಂದು ಉತ್ತರಾಧಿಕಾರ ಕಾಯ್ದೆಯ 294ನೇ ಕಲಮು ವಿಧಿಸುತ್ತದೆ. ಉಯಿಲು ಬರೆದವರು ಎದ್ದು ಬಂದು ಸಾಕ್ಷಿ ಹೇಳಲಾರರು. ಅವರ ಪರವಾಗಿ ಉಳಿದಿರುವುದು ಆ ಹಾಳೆ ಮತ್ತು ಅದಕ್ಕೆ ಸಹಿ ಹಾಕಿದ ಸಾಕ್ಷಿಗಳು ಮಾತ್ರ. ಆದ್ದರಿಂದ ಉಯಿಲನ್ನು ದಾವೆಯಲ್ಲಿ ಗುರುತಿಸುವ ದಿನವೇ ದೃಢೀಕೃತ ನಕಲು ಪಡೆದಿಟ್ಟು, ಮುಂದೆ ಪ್ರೊಬೇಟಿಗೆ ಅಸಲು ಬೇಕಾದೀತೆಂದು ಜ್ಞಾಪನ ಸಲ್ಲಿಸುವ ರೂಢಿ ನಮ್ಮ ವಕೀಲ ಸಮುದಾಯದಲ್ಲಿ ಬೇರೂರಬೇಕು.