ಆತಂಕ ಶಮನಕ್ಕೆ ಅಶ್ವಗಂಧ: ಆಧಾರವೆಷ್ಟು?

ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದು ಎಂಬ ಹೆಸರಿದೆ, ಮರಾಠಿಯಲ್ಲಿ ಆಸ್ಕಂದ. ನಾಸಿಕ ಜಿಲ್ಲೆಯ ಸಟಾಣಾದಲ್ಲಿರಲಿ, ಮಹಾನಗರದಲ್ಲಿರಲಿ, ಮನಸ್ಸು ಕಳವಳಗೊಂಡು ನಿದ್ರೆ ಬಾರದಾಗ ಇದರ ಬೇರಿನ ಪುಡಿಯನ್ನು ಹಾಲಿನೊಡನೆ ಸೇವಿಸುವ ರೂಢಿ ಉಂಟು. ಇದಕ್ಕಿರುವ ವೈಜ್ಞಾನಿಕ ಆಧಾರವನ್ನು ನಾವು ಪರಿಶೀಲಿಸೋಣ.

ಹೈದರಾಬಾದಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೀರ್ಘಕಾಲದ ಒತ್ತಡದಿಂದ ಬಳಲುತ್ತಿದ್ದ 64 ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಬೇರಿನ ಸಾರವನ್ನು 300 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, 60 ದಿನ ಕೊಟ್ಟರು. ಇನ್ನೊಂದಕ್ಕೆ ಔಷಧಗುಣವಿಲ್ಲದ ಗುಳಿಗೆ. ಸಾರ ಸೇವಿಸಿದವರಲ್ಲಿ ಒತ್ತಡವೂ, ರಕ್ತದಲ್ಲಿನ ಕಾರ್ಟಿಸಾಲ್ ಪ್ರಮಾಣವೂ ಹೆಚ್ಚು ತಗ್ಗಿದವು. ಅನಂತರದ ಕೆಲವು ಅಧ್ಯಯನಗಳೂ ಇದನ್ನೇ ಸೂಚಿಸಿವೆ. ಆದರೆ ಅವು ಬಹುಪಾಲು ಚಿಕ್ಕವು, ಅಲ್ಪಾವಧಿಯವು. ಮೇಲಾಗಿ ಅಲ್ಲಿ ಬಳಸಿದ್ದು ಗೊತ್ತಾದ ಪ್ರಮಾಣದ ಸಾರವನ್ನೇ ಹೊರತು ಅಂಗಡಿಯ ಪುಡಿಯನ್ನಲ್ಲ.

ಗಿಡಮೂಲಿಕೆ ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ. ವಿರಳವಾಗಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. 2023ರಲ್ಲಿ ಡೆನ್ಮಾರ್ಕ್ ದೇಶ ಇದನ್ನು ನಿಷೇಧಿಸಿತು. ಗರ್ಭಿಣಿಯರಿಗೆ ಇದು ಸಲ್ಲದು. ಥೈರಾಯಿಡ್, ಸಕ್ಕರೆ ಕಾಯಿಲೆ ಅಥವಾ ನಿದ್ರೆಗಾಗಿ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಲಾಗದು. ಎಲ್ಲಕ್ಕಿಂತ ಅಪಾಯಕರವೆಂದರೆ, ವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿ ಬೇರಿನ ಪುಡಿಯನ್ನು ನಂಬುವುದು. ಹಿರಿಯರ ರೂಢಿಯನ್ನು ಗೌರವಿಸೋಣ. ಸೇವಿಸುವುದನ್ನು ವೈದ್ಯರಿಂದ ಮುಚ್ಚಿಡದಿರೋಣ.