ಓರಲ್ ಬಯಾಲಜಿಯಲ್ಲಿ ಪಿಎಚ್‌ಡಿ: ಎಷ್ಟು ವರ್ಷ, ಏನೇನು ಮುಗಿಸಬೇಕು, ಮನೆಯವರು ಯಾವ ಲೆಕ್ಕ ಹಾಕಬೇಕು

ಗಲ್ಫ್‌ನಲ್ಲಿ ದುಡಿಯುವ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಊರಲ್ಲಿ ಬಿಡಿಎಸ್ ಓದುತ್ತಿದ್ದಾರೆ. ಬಿಡಿಎಸ್ ಮುಗಿದ ಕೂಡಲೇ ಕ್ಲಿನಿಕ್ ಹಾಕಬೇಕು ಅಂತ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಕೆಲವರು ‘ನನಗೆ ರಿಸರ್ಚ್ ಮಾಡಬೇಕು, ಪಿಎಚ್‌ಡಿ ಮಾಡಬೇಕು’ ಅನ್ನುತ್ತಾರೆ. ಹಣ ಕಳಿಸುವ ಅಪ್ಪ ಅಮ್ಮನಿಗೆ ಆಗ ಏಳುವ ಪ್ರಶ್ನೆ ಎರಡು: ಇನ್ನೆಷ್ಟು ವರ್ಷ? ಇನ್ನೆಷ್ಟು ದುಡ್ಡು? ಈ ಲೇಖನ ಇರುವುದು ಅದಕ್ಕೆ ಉತ್ತರ ಹುಡುಕುವವರಿಗೆ.

ಏನಿದು ಓರಲ್ ಬಯಾಲಜಿ?

ಹಲ್ಲು, ಒಸಡು, ಜೊಲ್ಲು, ನಾಲಿಗೆ, ದವಡೆಯ ಮೂಳೆ, ಬಾಯಲ್ಲಿರುವ ಸೂಕ್ಷ್ಮಜೀವಿಗಳು, ಇವೆಲ್ಲ ಹೇಗೆ ಬೆಳೆಯುತ್ತವೆ, ಹೇಗೆ ಕೆಡುತ್ತವೆ ಎಂದು ಜೀವಕೋಶದ ಮಟ್ಟದಲ್ಲಿ ನೋಡುವ ವಿಜ್ಞಾನ. ಅಮೆರಿಕದ ಬಫಲೋ, ಯುಸಿಎಲ್‌ಎ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಇದೇ ಹೆಸರಿನಲ್ಲಿ ಪಿಎಚ್‌ಡಿ ಉಂಟು. ನಮ್ಮಲ್ಲಿ ಇದಕ್ಕೆ ಹತ್ತಿರದ ಎಂಡಿಎಸ್ ವಿಭಾಗದ ಹೆಸರು ಉದ್ದ: ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಪ್ಯಾಥಾಲಜಿ ಅಂಡ್ ಓರಲ್ ಮೈಕ್ರೋಬಯಾಲಜಿ. ಕಾಲೇಜಿನಲ್ಲಿ ಎಲ್ಲರೂ ‘ಓರಲ್ ಪ್ಯಾಥಾಲಜಿ’ ಅಂತಲೇ ಕರೆಯುವುದು.

ಇದು ನಮಗೆ ದೂರದ ವಿಷಯ ಅಲ್ಲ. ಅಡಿಕೆ ಬೆಳೆಯುವ ಊರಿನವರು ನಾವು. ತಂಬಾಕು ಇಲ್ಲದಿದ್ದರೂ ಬರಿ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪಟ್ಟಿ ಮಾಡಿತು. ಅಡಿಕೆ, ಗುಟ್ಕಾ ಜಗಿದು ಬಾಯಿ ತೆರೆಯಲಾಗದಂತೆ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಯಾಕೆ ಬರುತ್ತದೆ, ಅದು ಕ್ಯಾನ್ಸರ್‌ಗೆ ತಿರುಗುವುದನ್ನು ಮೊದಲೇ ಹಿಡಿಯುವುದು ಹೇಗೆ, ಇಂಥ ಪ್ರಶ್ನೆಗಳೇ ಈ ವಿಭಾಗದ ಕೆಲಸ.

ಮೊದಲು ವರ್ಷದ ಲೆಕ್ಕ

ಪಿಯುಸಿ ಅಥವಾ ಹನ್ನೆರಡನೇ ಕ್ಲಾಸ್ ಆದ ಮೇಲೆ ನೀಟ್ ಬರೆದು ಬಿಡಿಎಸ್, ಇಂಟರ್ನ್‌ಶಿಪ್ ಸೇರಿ 5 ವರ್ಷ. ನೀಟ್-ಎಂಡಿಎಸ್ ಬರೆದು ಎಂಡಿಎಸ್, 3 ವರ್ಷ. ಆಮೇಲೆ ಪಿಎಚ್‌ಡಿ, ಕನಿಷ್ಠ 3 ವರ್ಷ, ಸಾಮಾನ್ಯ ಮಿತಿ 6 ವರ್ಷ. ಒಟ್ಟು 11ರಿಂದ 14 ವರ್ಷ. 18ಕ್ಕೆ ಸೇರಿದ ಮಗಳಿಗೆ ಮುಗಿಯುವಾಗ 29ರಿಂದ 32 ವರ್ಷ ಆಗಿರುತ್ತದೆ. ಅವಳು ಸೇರುವಾಗ ಅಪ್ಪನಿಗೆ 46 ಆಗಿದ್ದರೆ ಕೊನೆಗೆ 57ರಿಂದ 60. ಅಷ್ಟು ವರ್ಷ ವೀಸಾ, ಕೆಲಸ, ಆರೋಗ್ಯ ಮೂರೂ ನಿಲ್ಲುತ್ತವೆ ಎಂದು ಗ್ಯಾರಂಟಿ ಯಾರೂ ಕೊಡುವುದಿಲ್ಲ. ಹಾಗಾಗಿ ಪೂರ್ತಿ ಖರ್ಚು ಒಬ್ಬರ ಸಂಬಳದ ಮೇಲೆ ಕಟ್ಟಬೇಡಿ. ಪಿಎಚ್‌ಡಿ ಹಂತಕ್ಕೆ ಬರುವಾಗ ಮಕ್ಕಳು ಫೆಲೋಶಿಪ್‌ನಲ್ಲೋ ಕಾಲೇಜಿನ ಕೆಲಸದಲ್ಲೋ ತಮ್ಮ ಖರ್ಚು ನೋಡಿಕೊಳ್ಳುವ ಹಾಗೆ ಮೊದಲೇ ಮಾತಾಡಿಕೊಳ್ಳಿ.

ಸೇರಲು ಏನು ಬೇಕು?

ದೇಶಕ್ಕೆಲ್ಲ ಅನ್ವಯಿಸುವುದು ಯುಜಿಸಿಯ 2022ರ ಪಿಎಚ್‌ಡಿ ನಿಯಮ. ಸ್ನಾತಕೋತ್ತರ ಪದವಿಯಲ್ಲಿ 55 ಶೇಕಡಾ ಅಂಕ ಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಆರ್ಥಿಕವಾಗಿ ಹಿಂದುಳಿದವರು, ಅಂಗವಿಕಲರಿಗೆ 5 ಶೇಕಡಾ ರಿಯಾಯಿತಿ. ವಿಶ್ವವಿದ್ಯಾಲಯ ತಾನೇ ಪ್ರವೇಶ ಪರೀಕ್ಷೆ ನಡೆಸಿದರೆ ಅರ್ಧ ಪ್ರಶ್ನೆ ಸಂಶೋಧನಾ ವಿಧಾನದ್ದು, ಅರ್ಧ ವಿಷಯದ್ದು. ಆಯ್ಕೆಯಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30.

ಜನ ಗಮನಿಸದ ಒಂದು ಮಾತು: ಸೀಟು ಇರುವುದು ಗೈಡ್ ಕೈಯಲ್ಲಿ. ಒಬ್ಬ ಪ್ರೊಫೆಸರ್ ಒಂದು ಸಮಯಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಪಿಎಚ್‌ಡಿ ವಿದ್ಯಾರ್ಥಿಗಳಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಅರ್ಜಿ ಹಾಕುವ ಮೊದಲೇ ತಮ್ಮ ವಿಷಯದ ಗೈಡ್ ಯಾರು, ಅವರ ಹತ್ತಿರ ಜಾಗ ಉಂಟಾ ಎಂದು ವಿಚಾರಿಸಬೇಕು.

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮಣಿಪಾಲದ ಮಾಹೆ, ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ, ಇವುಗಳ ಸಂಶೋಧನಾ ವಿಭಾಗಗಳಲ್ಲಿ ಕೇಳಬಹುದು. ಯುಜಿಸಿ ಹೇಳುವುದು ಕನಿಷ್ಠ ಮಟ್ಟ. ಅದರ ಮೇಲೆ ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ನಿಯಮ, ತನ್ನದೇ ಫೀಸು ಇರುತ್ತದೆ.

ಸೇರಿದ ಮೇಲೆ ಮುಗಿಸಬೇಕಾದ್ದು

1. ಕೋರ್ಸ್‌ವರ್ಕ್: ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ, ಅಂಕಿಅಂಶ, ವಿಷಯದ ಪಾಠ, ಜೊತೆಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕುರಿತ 2 ಕ್ರೆಡಿಟ್. ಇದರಲ್ಲಿ 55 ಶೇಕಡಾ ಬಾರದೆ ಮುಂದೆ ಹೋಗಲಾಗದು.

2. ಎಥಿಕ್ಸ್ ಒಪ್ಪಿಗೆ: ರೋಗಿಯ ಜೊಲ್ಲು, ರಕ್ತ, ಬಯಾಪ್ಸಿ ತುಂಡು ಏನೇ ತೆಗೆದರೂ ಸಂಸ್ಥೆಯ ಎಥಿಕ್ಸ್ ಸಮಿತಿಯ ಅನುಮತಿ ಮತ್ತು ರೋಗಿಯ ಲಿಖಿತ ಒಪ್ಪಿಗೆ ಬೇಕು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬೇರೆಯೇ ಸಮಿತಿ. ಈ ಕಾಗದ ಬರುವವರೆಗೆ ಒಂದು ಸ್ಯಾಂಪಲ್ ಕೂಡ ಮುಟ್ಟುವಂತಿಲ್ಲ.

3. ಆರು ತಿಂಗಳಿಗೊಮ್ಮೆ ಪರಿಶೀಲನೆ: ಸಂಶೋಧನಾ ಸಲಹಾ ಸಮಿತಿಯ ಎದುರು ಬಂದು ಕೆಲಸ ಎಲ್ಲಿಗೆ ಮುಟ್ಟಿತು ಎಂದು ಹೇಳಬೇಕು.

4. ಪ್ರಬಂಧ: ಸಲ್ಲಿಸುವ ಮೊದಲು ಎಲ್ಲರ ಎದುರು ಒಂದು ಮಂಡನೆ. ನಂತರ ನಕಲು ತಪಾಸಣೆ. 2018ರ ಯುಜಿಸಿ ನಿಯಮದಂತೆ 10 ಶೇಕಡಾವರೆಗಿನ ಹೋಲಿಕೆಗೆ ತೊಂದರೆ ಇಲ್ಲ. 10ರಿಂದ 40 ಆದರೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

5. ಮೌಲ್ಯಮಾಪನ: ಗೈಡ್ ಅಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ, ಆಮೇಲೆ ವೈವಾ. ಸಲ್ಲಿಸಿದ ಆರು ತಿಂಗಳೊಳಗೆ ಇದೆಲ್ಲ ಮುಗಿಯಬೇಕು ಎಂದು ನಿಯಮ.

ಜರ್ನಲ್‌ನಲ್ಲಿ ಪೇಪರ್ ಪ್ರಕಟ ಆಗಲೇಬೇಕು ಎಂಬ ರಾಷ್ಟ್ರೀಯ ಷರತ್ತನ್ನು 2022ರಲ್ಲಿ ತೆಗೆದರು. ಆದರೆ ವಿಶ್ವವಿದ್ಯಾಲಯ ತಾನಾಗಿ ಕೇಳಬಹುದು. ಹಣ ಕೊಟ್ಟರೆ ನಾಲ್ಕು ದಿನದಲ್ಲಿ ಪೇಪರ್ ಹಾಕಿಕೊಡುವ ಜರ್ನಲ್‌ಗಳಿಗೆ ದುಡ್ಡು ಸುರಿಯಬೇಡಿ.

ಮದುವೆ, ಮಗು ಆದರೆ?

6 ವರ್ಷದಲ್ಲಿ ಮುಗಿಯದಿದ್ದರೆ ಮರುನೋಂದಣಿ ಮೂಲಕ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು 40 ಶೇಕಡಾ ಮೀರಿ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಇನ್ನೂ 2 ವರ್ಷ, ಒಟ್ಟು 10. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಉಂಟು. ‘ಮದುವೆ ಆದ್ರೆ ಓದು ನಿಲ್ತದೆ’ ಅನ್ನುವವರಿಗೆ ಈ ನಿಯಮ ತೋರಿಸಿ.

ದುಡ್ಡಿನ ಲೆಕ್ಕ

ಕೇಂದ್ರ ಸರ್ಕಾರದ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಒಂದು ರಿಯಾಲ್‌ಗೆ 220 ರೂಪಾಯಿ ಎಂದು ಹಿಡಿದರೆ ಸುಮಾರು 168 ಮತ್ತು 191 ರಿಯಾಲ್. ಇದು ಎಲ್ಲರಿಗೂ ಸಿಗುವುದಿಲ್ಲ. ವಿಶ್ವವಿದ್ಯಾಲಯದ ಸ್ವಂತ ಸ್ಟೈಪೆಂಡ್ ಇದಕ್ಕಿಂತ ಕಡಿಮೆಯೂ ಇರಬಹುದು. ಫೀಸಿನ ಜೊತೆ ಲ್ಯಾಬ್ ಕಿಟ್, ರಾಸಾಯನಿಕ, ಪ್ರಬಂಧದ ಶುಲ್ಕ ಯಾರು ಕೊಡುವುದು ಎಂದು ಬರವಣಿಗೆಯಲ್ಲಿ ಕೇಳಿ. ಓರಲ್ ಬಯಾಲಜಿಯಲ್ಲಿ ನಿಜವಾದ ಖರ್ಚು ಇರುವುದೇ ಲ್ಯಾಬ್‌ನಲ್ಲಿ.

ಶಿಕ್ಷಣ ಸಾಲದ ಬಡ್ಡಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ಸಿಗುವ ಕಡಿತ ಭಾರತದಲ್ಲಿ ತೆರಿಗೆ ಬೀಳುವ ಆದಾಯ ಇದ್ದವರಿಗೆ ಮಾತ್ರ ಉಪಯೋಗ. ಒಮಾನ್ ಸಂಬಳ ಬಿಟ್ಟು ಬೇರೆ ಆದಾಯ ಇಲ್ಲದ ಎನ್‌ಆರ್‌ಐ ಅಪ್ಪನ ಹೆಸರಲ್ಲಿ ಸಾಲ ತೆಗೆದರೆ ಆ ಲಾಭ ಕೈಗೆ ಬರುವುದಿಲ್ಲ.

ಒಮಾನ್‌ನಲ್ಲಿದ್ದು ಪಾರ್ಟ್‌ಟೈಮ್ ಮಾಡಬಹುದಾ?

ಪಾರ್ಟ್‌ಟೈಮ್ ಪಿಎಚ್‌ಡಿಗೆ ಅವಕಾಶ ಉಂಟು, ಆದರೆ ಕೆಲಸ ಕೊಟ್ಟವರ ಎನ್‌ಒಸಿ ಬೇಕು: ಓದಲು ಅನುಮತಿ, ಸಮಯ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುವು ಕೊಡುತ್ತೇವೆ ಎಂದು. 2023ರ ಒಮಾನ್ ಕಾರ್ಮಿಕ ಕಾನೂನಿನಂತೆ ವಾರ್ಷಿಕ ರಜೆ ಕನಿಷ್ಠ 30 ದಿನ. ಕೋರ್ಸ್‌ವರ್ಕ್, ವರ್ಷಕ್ಕೆ ಎರಡು ಪರಿಶೀಲನೆ, ಲ್ಯಾಬ್ ಕೆಲಸ ಇಷ್ಟನ್ನೂ ಆ 30 ದಿನದಲ್ಲಿ ತುಂಬಿಸುವುದು ಕಷ್ಟ. ಮಸ್ಕತ್, ಸೊಹಾರ್ ಕ್ಲಿನಿಕ್‌ಗಳಲ್ಲಿರುವ ನಮ್ಮ ದಂತವೈದ್ಯರು ಈ ದಿನಗಳನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿ ನೋಡಿಯೇ ಅರ್ಜಿ ಹಾಕುವುದು ಒಳ್ಳೆಯದು.

ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್‌ಡಿಗೆ ಯುಜಿಸಿ ಮಾನ್ಯತೆ ಇಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್‌ಡಿ ಬಗ್ಗೆ 2022ರ ಅಕ್ಟೋಬರ್‌ನಲ್ಲೇ ಎಚ್ಚರಿಕೆ ಬಂದಿದೆ. 2025ರ ಜನವರಿಯಲ್ಲಿ ನಿಯಮ ಪಾಲಿಸದ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ 5 ವರ್ಷ ಪಿಎಚ್‌ಡಿ ಪ್ರವೇಶವನ್ನೇ ನಿಲ್ಲಿಸಿದರು. ಏಜೆಂಟ್ ‘ಒಂದೂವರೆ ವರ್ಷದಲ್ಲಿ ಮುಗಿಸಿಕೊಡ್ತೇವೆ’ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಕನಿಷ್ಠ ಅವಧಿಯೇ 3 ವರ್ಷ.

ಡಿಗ್ರಿ ಕೈಗೆ ಬಂದ ಮೇಲೆ

ಪಿಎಚ್‌ಡಿಯಿಂದ ಹೆಸರಿನ ಹಿಂದೆ ‘ಡಾ.’ ಬರುತ್ತದೆ, ರೋಗಿ ನೋಡುವ ಹಕ್ಕು ಬರುವುದಿಲ್ಲ. ಆ ಹಕ್ಕು ಬಿಡಿಎಸ್, ಎಂಡಿಎಸ್ ಮತ್ತು ಆಯಾ ದೇಶದ ಲೈಸೆನ್ಸ್‌ನದ್ದು. ಪಿಎಚ್‌ಡಿ ಉಪಯೋಗಕ್ಕೆ ಬರುವುದು ಕಾಲೇಜು, ಸಂಶೋಧನಾಲಯ, ಲ್ಯಾಬ್‌ಗಳಲ್ಲಿ. ಒಮಾನ್‌ನಲ್ಲಿ ಪಾಠ ಮಾಡುವ ಕೆಲಸಕ್ಕೆ ಬಂದರೆ ಉನ್ನತ ಶಿಕ್ಷಣ ಸಚಿವಾಲಯದಿಂದ ಪದವಿಯ ತತ್ಸಮಾನತೆ ಕೇಳಬಹುದು. ಭಾರತ, ಒಮಾನ್ ಎರಡೂ ಅಪೋಸ್ಟಿಲ್ ಒಪ್ಪಂದದಲ್ಲಿವೆ, ಒಮಾನ್‌ನಲ್ಲಿ ಅದು ಜಾರಿಯಾದದ್ದು 2012ರಲ್ಲಿ. ಬಿಡಿಎಸ್‌ನಿಂದ ಹಿಡಿದು ಪ್ರತಿ ಅಂಕಪಟ್ಟಿ, ಪ್ರತಿ ರಶೀದಿ, ಕೋರ್ಸ್‌ವರ್ಕ್ ಪ್ರಮಾಣಪತ್ರ, ಎಥಿಕ್ಸ್ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಲು ಹೇಳಿ.

ಮೊದಲ ಕಂತು ಕಟ್ಟುವ ಮುಂಚೆ ಐದು ಪ್ರಶ್ನೆಗೆ ಉತ್ತರ ಬರಲಿ: ಗೈಡ್ ಯಾರು? ಅವರ ಹತ್ತಿರ ಜಾಗ ಉಂಟಾ? ಸ್ಟೈಪೆಂಡ್ ಎಷ್ಟು, ಎಷ್ಟು ವರ್ಷ? ಲ್ಯಾಬ್ ಖರ್ಚು ಯಾರದ್ದು? ಆ ವಿಭಾಗದಲ್ಲಿ ಹಿಂದೆ ಸೇರಿದವರು ಎಷ್ಟು ವರ್ಷಕ್ಕೆ ಮುಗಿಸಿದ್ದಾರೆ? ಕೊನೆಯ ಪ್ರಶ್ನೆಯನ್ನು ಆಫೀಸಿನಲ್ಲಿ ಕೇಳುವುದಕ್ಕಿಂತ ಅಲ್ಲಿ ಓದುತ್ತಿರುವ ಮಕ್ಕಳ ಹತ್ತಿರ ಕೇಳಿ, ಸರಿಯಾದ ಲೆಕ್ಕ ಸಿಗುತ್ತದೆ.