ಟೆಂಪ್ಲೇಟ್ ಭಾಷೆಗಳಲ್ಲಿ ಉದ್ಧರಣ ಚಿಹ್ನೆ

ಜಾಲಪುಟದ ಸಿದ್ಧ ಅಚ್ಚಿನಲ್ಲಿ, ಪ್ರತಿಸಲವೂ ಬದಲಾಗತಕ್ಕ ಅಂಶಗಳನ್ನು ತುಂಬಲೆಂದು ಬರೆಯುವ ಕಿರುಭಾಷೆಗೆ ಟೆಂಪ್ಲೇಟ್ ಭಾಷೆಯೆಂದು ಹೆಸರು. ಅಲ್ಲಿ ಬಂದಿರುವ ಪದವು ಬೇರೊಂದು ಮೌಲ್ಯವನ್ನು ಹೆಸರಿಸುವ ಸಂಕೇತವಲ್ಲ, ಇದ್ದುದನ್ನು ಇದ್ದಂತೆಯೇ ಗ್ರಹಿಸತಕ್ಕ ಅಕ್ಷರಸಾಲು, ಎಂದರೆ ಸ್ಟ್ರಿಂಗ್, ಎಂದು ತಿಳಿಸುವುದು ಉದ್ಧರಣ ಚಿಹ್ನೆಯ ಕಾರ್ಯ.

ಈ ಭೇದದ ಮಹತ್ವಕ್ಕೆ ಜಾಂಗೊ ಚೌಕಟ್ಟಿನ ಚರಿತ್ರೆಯೇ ನಿದರ್ಶನ. ಕೊಂಡಿಯನ್ನು ರಚಿಸುವ ಅದರ ಯುಆರ್‌ಎಲ್ ಟ್ಯಾಗ್‌ನಲ್ಲಿ ಪುಟದ ಹೆಸರನ್ನು ಮೊದಲು ಚಿಹ್ನೆಯಿಲ್ಲದೆಯೇ ಬರೆಯುತ್ತಿದ್ದುದರಿಂದ, ಅದೇ ಸ್ಥಾನದಲ್ಲಿ ಚರವನ್ನು (ವೇರಿಯಬಲ್) ಇಡಲು ಅವಕಾಶವಿರಲಿಲ್ಲ; 2013ರ 1.5ನೆಯ ಆವೃತ್ತಿಯು ಹೆಸರಿಗೆ ಚಿಹ್ನೆಯನ್ನು ಕಡ್ಡಾಯಗೊಳಿಸಿದ ಮೇಲೆ ಆ ಕೊರತೆ ನೀಗಿತು, ಹಳೆಯ ಅಚ್ಚುಗಳನ್ನೆಲ್ಲ ತಿದ್ದುವ ಶ್ರಮವೂ ಒದಗಿತು.

ಜಾಂಗೊ, ಜಿಂಜಾ, ಲಿಕ್ವಿಡ್, ಜೆಎಸ್‌ಪಿ ಎಂಬ ಟೆಂಪ್ಲೇಟ್ ಭಾಷೆಗಳಲ್ಲಿ ಒಂಟಿ ಚಿಹ್ನೆ, ಜೋಡಿ ಚಿಹ್ನೆಗಳೆರಡೂ ಸಲ್ಲುವುವು. ಟ್ವಿಗ್‌ನಲ್ಲಿ ಜೋಡಿ ಚಿಹ್ನೆಯ ಒಳಗೆ ಮಾತ್ರ ಉಕ್ತಿಯನ್ನು (ಎಕ್ಸ್‌ಪ್ರೆಶನ್) ಹುದುಗಿಸಬಹುದು. ಥೈಮ್‌ಲೀಫ್ ತನ್ನ ಸ್ಟ್ರಿಂಗಿಗೆ ಒಂಟಿಯನ್ನು ಬಳಸುತ್ತದೆ. ಗೋ ಭಾಷೆಯ ಟೆಂಪ್ಲೇಟ್‌ನಲ್ಲಿ ಒಂಟಿ ಚಿಹ್ನೆಯು ಒಂದೇ ಅಕ್ಷರಕ್ಕೆ ಮೀಸಲು. ವರ್ಡ್ ಪ್ರೊಸೆಸರುಗಳು ತಾವಾಗಿಯೇ ಹಾಕುವ ಬಾಗಿದ ಚಿಹ್ನೆಗಳಾದರೋ ಎಲ್ಲಿಯೂ ಸಲ್ಲವು.

ಸ್ಟ್ರಿಂಗಿನೊಳಗೇ ಚಿಹ್ನೆ ಬರಬೇಕಾದಾಗ ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ (\) ಇಡುವುದು ವಾಡಿಕೆ. ಲಿಕ್ವಿಡ್‌ನಲ್ಲಿ ಮಾತ್ರ ಈ ಸೌಲಭ್ಯವಿಲ್ಲವಾಗಿ, "ಕವಿಯ 'ಮಾತು'" ಎಂಬಂತೆ ಹೊರಗೊಂದು ಬಗೆ, ಒಳಗೊಂದು ಬಗೆ ಬಳಸಬೇಕು. ಎರಡೂ ಒಳಗೇ ಬೇಕಾದರೆ ಕ್ಯಾಪ್ಚರ್ ಟ್ಯಾಗ್‌ನಿಂದ ಪಠ್ಯವನ್ನು ಕಟ್ಟಿಕೊಳ್ಳಬೇಕು.

ನಿಜವಾದ ತೊಡಕಿರುವುದು ಎಚ್‌ಟಿಎಂಎಲ್ ಗುಣದ (ಆಟ್ರಿಬ್ಯೂಟ್) ಮೌಲ್ಯದೊಳಗೆ ಉಕ್ತಿಯನ್ನಿಟ್ಟಾಗ. ಪುಟವನ್ನು ಮೊದಲು ಓದುವವರಾರು ಎಂಬುದೇ ಇಲ್ಲಿ ನಿರ್ಣಾಯಕ. ಜಿಂಜಾ ಸರ್ವರಿನಲ್ಲಿಯೇ ತನ್ನ ಕೆಲಸ ಮುಗಿಸುವುದರಿಂದ, ಹೊರಗಿನ ಜೋಡಿ ಚಿಹ್ನೆಯ ಒಳಗೆ ಮತ್ತೆ ಜೋಡಿ ಚಿಹ್ನೆಯನ್ನೇ ಬರೆದರೂ ಅದಕ್ಕೆ ಬಾಧಕವಿಲ್ಲ. ಪುಟದಲ್ಲಿಯೇ ನೇರವಾಗಿ ಬರೆದ, ಬ್ರೌಸರಿನಲ್ಲಿ ಕೆಲಸಮಾಡುವ ವ್ಯೂ ಚೌಕಟ್ಟಿನ ಉಕ್ತಿಯನ್ನಾದರೆ ಬ್ರೌಸರ್ ಮೊದಲು ಓದುತ್ತದೆ; ಒಳಗಿನ ಜೋಡಿ ಚಿಹ್ನೆಯನ್ನು ಕಂಡೊಡನೆ ಮೌಲ್ಯ ಮುಗಿಯಿತೆಂದೇ ಅದು ಬಗೆಯುವುದರಿಂದ, ಅಲ್ಲಿ ಒಂಟಿ ಚಿಹ್ನೆಯನ್ನಾಗಲಿ " ಎಂಬ ಸಂಕೇತವನ್ನಾಗಲಿ ಬಳಸಬೇಕಾಗುತ್ತದೆ. ಅನುಭವಿಗಳೂ ಎಡವುವ ಎಡೆ ಇದರಾಚೆಗಿದೆ: ಒಂಟಿ ಚಿಹ್ನೆಗಳ ನಡುವಣ ಪಠ್ಯದಲ್ಲಿ ಅಪಾಸ್ಟ್ರಫಿಗೆಂದು ' ಬರೆದರೆ, ಬ್ರೌಸರ್ ಅದನ್ನು ಬಿಡಿಸಿ ' ಆಗಿಸಿದ ತರುವಾಯವೇ ಉಕ್ತಿ ವ್ಯೂವಿನ ಕೈಸೇರುವುದರಿಂದ, ಸ್ಟ್ರಿಂಗ್ ನಡುವೆಯೇ ಮುರಿದುಬೀಳುತ್ತದೆ. ಅಲ್ಲಿ ಕಾಯತಕ್ಕದ್ದು ಬ್ಯಾಕ್‌ಸ್ಲ್ಯಾಶ್. ಕನ್ನಡ ಬರವಣಿಗೆಯಲ್ಲಿ ಅಪಾಸ್ಟ್ರಫಿ ತೀರ ವಿರಳವಾದುದರಿಂದ ಕನ್ನಡ ಪುಟದಲ್ಲಿ ಅಡಗಿಯೇ ಇದ್ದ ಈ ದೋಷ, ಅದೇ ಪುಟ ಫ್ರೆಂಚಿಗೆ ಅನುವಾದಗೊಂಡ ದಿನ ಹೊರಬೀಳುವುದುಂಟು.